ಹಳೆ ಪದ್ಮಿನಿಗೆ ಸೀಟ್ ಬೆಲ್ಟ್ ಹಾಕಿಸುವವರೇ, ಕಾರ್ಪೆಟ್ ಎತ್ತಿ ನೋಡಿ

ಮುಂಬೈಯಲ್ಲಿ ಪ್ರೀಮಿಯರ್ ಪದ್ಮಿನಿ ಕಾರನ್ನು ಇನ್ನೂ ಜತನದಿಂದ ಇಟ್ಟುಕೊಂಡಿರುವ ಕನ್ನಡದವರು ಒಂದಷ್ಟು ಜನ ಇದ್ದೀರಿ. ಬೆಲ್ಟ್ ಹಾಕಿಸುವ ಯೋಚನೆ ಇದ್ದರೆ ಇದನ್ನು ಓದಿ, ಆಮೇಲೆ ಗ್ಯಾರೇಜಿಗೆ ಹೋಗಿ.

ನಮ್ಮದು ಮಾವನವರ ಕಾಲದ ಗಾಡಿ. ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮುಂದೆ ಉದ್ದಕ್ಕೆ ಒಂದೇ ಸೀಟು, ಬೆಲ್ಟ್ ಇಲ್ಲವೇ ಇಲ್ಲ. ನಮ್ಮಲ್ಲಿ ಮುಂದಿನ ಸೀಟಿನ ಬೆಲ್ಟ್ ಕಡ್ಡಾಯವಾಗಿದ್ದೇ 1994ರಲ್ಲಿ. 2022ರಲ್ಲಿ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ಬೆಲ್ಟ್ ಹಾಕದೆ ಕಾರು ಅಪಘಾತದಲ್ಲಿ ತೀರಿಕೊಂಡ ಮೇಲೆ ಮನೆಯಲ್ಲಿ ಬೆಲ್ಟಿನ ಮಾತು ಶುರುವಾಯಿತು.

ಗ್ಯಾರೇಜಿನ ಹೆಸರು ಬೇಡ. ಮಧ್ಯಾಹ್ನ ಬಿಟ್ಟ ಗಾಡಿ ಸಂಜೆಗೇ ಕೈಗೆ ಬಂತು. ಕಪ್ಪು ಪಟ್ಟಿ, ಕ್ಲಿಕ್ ಅನ್ನುವ ಬಕಲ್, ನೋಡೋಕೆ ಚೆಂದವೇ. ಕೆಲವು ವಾರ ಕಳೆದು ಘೋಡ್‌ಬಂದರ್ ರಸ್ತೆಯಲ್ಲಿ ರಿಕ್ಷಾ ಒಂದು ಅಡ್ಡ ಬಂತು, ಜೋರಾಗಿ ಬ್ರೇಕ್ ಒತ್ತಿದೆ. ಯಾರಿಗೂ ತಾಗಲಿಲ್ಲ. ಆದರೆ ಪಕ್ಕದಲ್ಲಿದ್ದ ಹೆಂಡತಿಯ ಬೆಲ್ಟ್ ಬಿಗಿಯಾಗುವ ಬದಲು ಟಕ್ ಅಂತ ಸದ್ದು ಮಾಡಿ ಸಡಿಲವಾಯಿತು. ಅವಳ ಕೈ ಡ್ಯಾಶ್‌ಬೋರ್ಡಿಗೆ ಬಡಿಯಿತು.

ಮನೆಗೆ ಬಂದು ಕಾರ್ಪೆಟ್ ಎತ್ತಿದೆವು. ಬೆಲ್ಟಿನ ಬೋಲ್ಟ್ ನೆಲದ ಪತ್ರಾ (ತಗಡು) ಹರಿದುಕೊಂಡು ಅರ್ಧ ಮೇಲೆ ಬಂದಿತ್ತು. ಅದರ ಕೆಳಗೆ ನಾಣ್ಯದಷ್ಟು ಒಂದು ವಾಷರ್, ಅದೂ ಮಡಚಿಕೊಂಡಿತ್ತು. ತೂತಿನ ಅಂಚಿನಲ್ಲಿ ತುಕ್ಕು ಪದರ ಪದರವಾಗಿ ಉದುರುತ್ತಿತ್ತು. ಆ ತುಕ್ಕಿನ ಮೇಲೆ ಹೊಸದಾಗಿ ಕಪ್ಪು ಪೇಂಟ್! ಅಂದರೆ ಅವರು ತುಕ್ಕು ನೋಡಿದ್ದರು, ಮುಚ್ಚಿದ್ದರು.

ಬರೀ ಬ್ರೇಕಿಗೇ ಈ ಗತಿ. ಯುರೋಪಿನ ನಿಯಮದಲ್ಲಿ ಬೆಲ್ಟ್ ಕಟ್ಟುವ ಜಾಗಗಳನ್ನು ಪರೀಕ್ಷೆ ಮಾಡುವಾಗ ಎದೆಯ ಪಟ್ಟಿಗೆ ಸುಮಾರು 1,350 ಕಿಲೋ ಭಾರದಷ್ಟು ಎಳೆತ ಕೊಡುತ್ತಾರೆ, ಸೊಂಟದ ಪಟ್ಟಿಗೂ ಅಷ್ಟೇ, ಎರಡೂ ಒಟ್ಟಿಗೆ. ತೆಳು ಪತ್ರಾ ಒಂದೇ ಇದನ್ನು ತಡೆಯುತ್ತಾ? ಗಟ್ಟಿ ಪತ್ರಾದ ಹಿಂದೆ ಅಂಗೈ ಅಗಲದ ದಪ್ಪ ಸ್ಟೀಲ್ ಪ್ಲೇಟ್ ಕೂರಬೇಕು. ಬೆಲ್ಟಿಗೆಂದೇ ಬರುವ 7/16 ಇಂಚಿನ ಹೈ ಟೆನ್‌ಸೈಲ್ ಬೋಲ್ಟ್ ಬೇಕು, ಹಾರ್ಡ್‌ವೇರ್ ಅಂಗಡಿಯ ಸಾದಾ ಬೋಲ್ಟ್ ಅಲ್ಲ.

ಇನ್ನೊಬ್ಬ ಹಳೆ ಫಿಟ್ಟರ್ ನೋಡಿ ಮತ್ತೆರಡು ತಪ್ಪು ತೋರಿಸಿದರು. ಪಟ್ಟಿ ಸುತ್ತಿಕೊಳ್ಳುವ ರೀಲನ್ನು ವಾಲಿಸಿ ಕೂರಿಸಿದ್ದರು. ಅದರೊಳಗಿನ ಸೆನ್ಸರ್ ಯಾವ ಕೋನಕ್ಕೆ ಮಾಡಿದೆಯೋ ಅದೇ ಕೋನದಲ್ಲಿರಬೇಕು. ಇಲ್ಲದಿದ್ದರೆ ಸುಮ್ನೆ ಕೂತಾಗಲೂ ಲಾಕ್ ಆಗಬಹುದು, ಬೇಕಾದಾಗ ಆಗದೆಯೂ ಇರಬಹುದು. ಎರಡನೆಯ ತಪ್ಪು ನನಗೆ ಜಾಸ್ತಿ ಸಿಟ್ಟು ತರಿಸಿತು. ಬಕಲ್‌ಗೆ ಸಿಕ್ಕಿಸುವ ನಾಲಿಗೆಯ ಪ್ಲಾಸ್ಟಿಕ್ ಮೇಲೆ ಪಟ್ಟಿ ಉಜ್ಜಿ ಕರಗಿದ ಗೆರೆಗಳು, ಪಟ್ಟಿಯಲ್ಲಿ ಅಲ್ಲೇ ಒಂದು ಹೊಳಪು. ಲೇಬಲ್ ಕತ್ತರಿಸಿದ್ದರು. ಅಪಘಾತವಾದ ಯಾವುದೋ ಕಾರಿನಿಂದ ಬಿಚ್ಚಿದ ಬೆಲ್ಟ್ ಅದು! ಒಮ್ಮೆ ಡಿಕ್ಕಿಯ ಹೊಡೆತ ತಿಂದ ಬೆಲ್ಟನ್ನು ಮತ್ತೆ ಬಳಸುವಂತಿಲ್ಲ. ನಮ್ಮಿಂದ ಹೊಸದರ ದುಡ್ಡು ತೆಗೆದುಕೊಂಡಿದ್ದರು.

ಕೇಳಲು ಹೋದರೆ ಗ್ಯಾರೇಜಿನವರ ಉತ್ತರ: "ಹಳೆ ಗಾಡಿಯಲ್ಲಿ ಅಷ್ಟು ಜೋರಾಗಿ ಬ್ರೇಕ್ ಯಾಕೆ ಹಾಕಿದ್ರಿ?" ದುಡ್ಡು ವಾಪಸ್ ಬರಲಿಲ್ಲ.

ಈಗ ಬೇರೆ ಕಡೆ ನೆಲದ ಪತ್ರಾ ಕತ್ತರಿಸಿ ಹೊಸದು ಹಾಕುತ್ತಿದ್ದಾರೆ. ಭುಜದ ಕೊಂಡಿಗೆ ಬಾಗಿಲ ನಡುವಿನ ಕಂಬದೊಳಗೂ ಪ್ಲೇಟ್ ಬೆಸುಗೆ ಮಾಡಬೇಕಂತೆ. ಆ ಕೊಂಡಿ ಭುಜಕ್ಕಿಂತ ಕೆಳಗೆ ಬಂದರೆ ಡಿಕ್ಕಿಯಲ್ಲಿ ಪಟ್ಟಿ ಭುಜವನ್ನು ಕೆಳಕ್ಕೆ ಎಳೆದು ಬೆನ್ನುಮೂಳೆ ಜಜ್ಜಬಹುದು. ಪ್ರತಿ ಪ್ಲೇಟಿನ ಫೋಟೋ ಬರುವವರೆಗೆ ಕಾರ್ಪೆಟ್ ಮುಚ್ಚಬೇಡಿ ಎಂದು ಹೇಳಿಟ್ಟಿದ್ದೇನೆ.