ನಮ್ಮ ಬಡಾವಣೆಯ ಲೈಬ್ರರಿಯ ಪೇಪರ್ ಕೋಣೆ: 9 ವರ್ಷ ಬಳಸಿದ ಮೇಲೆ

ಇದು ಬೆಂಗಳೂರಿನ ನಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದ ಪೇಪರ್ ಓದುವ ಕೋಣೆಯ ವಿಮರ್ಶೆ. ಪುಸ್ತಕಗಳ ವಿಷಯಕ್ಕೆ ನಾನು ಹೋಗುವುದಿಲ್ಲ. ಗುರುತು ಪರಿಚಯ ಇಲ್ಲದವರ ಜೊತೆ ಕೂತು ದೇಶದ ರಾಜಕೀಯ ಮಾತಾಡುವುದಕ್ಕೆ ಈ ಜಾಗ ಹೇಗಿದೆ ಅನ್ನುವುದಷ್ಟೇ ಹೇಳುತ್ತೇನೆ. 2016ರ ನವೆಂಬರ್‌ನಿಂದ ಹೋಗುತ್ತಿದ್ದೇನೆ. ಕೊರೊನಾ ಕಾಲದಲ್ಲಿ ಬಾಗಿಲು ಹಾಕಿದ್ದ ತಿಂಗಳುಗಳನ್ನು ಬಿಟ್ಟರೆ ವಾರಕ್ಕೆ ಮೂರು ನಾಲ್ಕು ಸಂಜೆ ಅಲ್ಲೇ ಇರುತ್ತೇನೆ.

ಮೊದಲು ಬೆಲೆ. ಪೇಪರ್ ಓದಲು ಸದಸ್ಯರಾಗಬೇಕಿಲ್ಲ, ಯಾರೂ ದುಡ್ಡು ಕೇಳುವುದಿಲ್ಲ. ಹಾಗಂತ ಪುಕ್ಕಟೆ ಅಂದುಕೊಳ್ಳಬೇಡಿ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಸೆಸ್ ಇದೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ಬಾಡಿಗೆ ಮನೆಯಲ್ಲಿರುವವರೂ ಬಾಡಿಗೆಯ ಲೆಕ್ಕದಲ್ಲಿ ಇದನ್ನು ಕಟ್ಟಿದ ಹಾಗೇ. ಆದ್ದರಿಂದ ಒಳಗೆ ಹೋಗಿ ಕೂರುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಕೋಣೆ ಸಣ್ಣದು. ಉದ್ದದ ಎರಡು ಮೇಜು, ಕಬ್ಬಿಣದ ಕುರ್ಚಿಗಳು. ಕನ್ನಡದ ಎಲ್ಲ ದೊಡ್ಡ ಪೇಪರ್‌ಗಳು ಬರುತ್ತವೆ, ಇಂಗ್ಲಿಷ್ ಎರಡು, ಉರ್ದು ಒಂದು, ಹಿಂದಿ ಒಂದು. ಪ್ರತಿಯೊಂದಕ್ಕೂ ಒಂದೇ ಪ್ರತಿ. ಹಾಗಾಗಿ ಒಂದು ಪೇಪರ್ ನಾಲ್ಕು ಜನರ ಕೈಯಲ್ಲಿ ನಾಲ್ಕು ಹಾಳೆಯಾಗಿ ಓಡಾಡುತ್ತಿರುತ್ತದೆ. "ಸಂಪಾದಕೀಯ ಆಯ್ತಾ ಸರ್?" ಅಂತ ಕೇಳದೆ ಇಲ್ಲಿ ಯಾರಿಗೂ ಓದಿ ಮುಗಿಸಲು ಆಗುವುದಿಲ್ಲ. ಮಾತು ಶುರುವಾಗುವುದೇ ಅಲ್ಲಿಂದ. ಹಾಳೆ ಕೊಡುವವರು "ಎರಡನೇ ಲೇಖನ ಓದಿ, ಬರೀ ಸುಳ್ಳು" ಅಂತಲೋ "ಚೆನ್ನಾಗಿ ಬರೆದಿದ್ದಾರೆ" ಅಂತಲೋ ಹೇಳಿಯೇ ಕೊಡುತ್ತಾರೆ. ಒಳಗೆ ಮಾತಾಡುವ ಹಾಗಿಲ್ಲ. ಗೇಟಿನ ಪಕ್ಕ ಹೊಂಗೆ ಮರದ ಕೆಳಗೆ ಕಲ್ಲುಬೆಂಚು ಇದೆ, ವಾದ ಏನಿದ್ದರೂ ಅಲ್ಲಿ. ಓದಿದ ಮೇಲೆ ಎದ್ದು ಅಲ್ಲಿಗೆ ಹೋಗುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ಇದು ನಿಜವಾಗಿ ನಾನು ನೋಡಿದ್ದು.

ಹೆಂಗಸರಿಗೆ ಒಂದು ಮಾತು. ನಾನು ಹೋಗಲು ಶುರು ಮಾಡಿದಾಗ ಆ ಕೋಣೆಯಲ್ಲಿ ನಾನೊಬ್ಬಳೇ. ಮೊದಲ ತಿಂಗಳು ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು. ಒಬ್ಬರು ಹೆಂಗಸರ ಮಾಸಿಕ ತಂದು ಮುಂದಿಟ್ಟರು, "ಇದು ನಿಮಗೆ ಮೇಡಂ" ಅಂತ. "ಥ್ಯಾಂಕ್ಸ್ ಸರ್, ನಂಗೆ ಮುಖಪುಟ ಬೇಕಿತ್ತು" ಅಂದೆ. ಕೊಟ್ಟರು. ಈಗ ನಾವು ಐದಾರು ಜನ ಇದ್ದೇವೆ, ಜಾಸ್ತಿ ಪರೀಕ್ಷೆಗೆ ಓದುವ ಹುಡುಗಿಯರು.

ನಾನು ಅಲ್ಲಿಗೆ ಮೊದಲ ಸಲ ಹೋಗಿದ್ದು ನೋಟು ರದ್ದಾದ ವಾರ. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಆಗ 14 ಜನ ಕೆಲಸದವರಿದ್ದರು, ಪ್ರತಿ ಶನಿವಾರ ನಗದಿನಲ್ಲಿ ಬಟವಾಡೆ. ನವೆಂಬರ್ 8ರ ರಾತ್ರಿ 500, 1000ದ ನೋಟು ನಿಂತಿತು. 12ನೇ ತಾರೀಖು ಶನಿವಾರ. ಬೆಳಗ್ಗೆಯಿಂದ ಕ್ಯೂನಲ್ಲಿ ನಿಂತು ಕೈಗೆ ಸಿಕ್ಕಿದ್ದನ್ನು 14 ಪಾಲು ಮಾಡಿದೆ. ಸಂಜೆ ಮನೆಗೆ ಹೋಗಲು ಮನಸ್ಸಾಗದೆ ಲೈಬ್ರರಿ ಒಳಗೆ ಹೋಗಿ ಕೂತೆ.

ಬೆಂಚಿನ ಮೇಲೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಇದ್ದರು. ಕಷ್ಟ ಸ್ವಲ್ಪ ದಿನ, ಕಪ್ಪುಹಣ ಇಟ್ಟವರು ಮಾತ್ರ ಮುಳುಗುತ್ತಾರೆ ಅಂತ ಗಟ್ಟಿಯಾಗಿ ಹೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ನಮ್ಮ ಹುಡುಗರು ಕಿರಾಣಿ ಅಂಗಡಿಯಲ್ಲಿ ಸಾಲ ಹೇಳುತ್ತಿರುವುದನ್ನು ಹೇಳಿದೆ. ಅವರು ಬೈಯಲಿಲ್ಲ. "ನೋಡಮ್ಮ, ಕಮ್ಮಿ ಅಂದ್ರೂ ಮೂರು ಲಕ್ಷ ಕೋಟಿ ಬ್ಯಾಂಕಿಗೆ ವಾಪಸ್ ಬರಲ್ಲ. ಬೇಕಾದರೆ ಬರೆದಿಟ್ಕೋ" ಅಂದರು. ನಾನು ಬಟವಾಡೆ ಡೈರಿಯ ಕೊನೇ ಪುಟದಲ್ಲಿ ನಿಜವಾಗಲೂ ಬರೆದೆ, ತಾರೀಖಿನ ಸಮೇತ. ಅದರ ಕೆಳಗೆ ಅವರು ನನ್ನ ಮಾತನ್ನೂ ಬರೆಸಿದರು. ನಮ್ಮಂಥ ಕಡೆ ಫೋನಿನಲ್ಲಿ ದುಡ್ಡು ಕೊಡುವುದು ಎಂದಿಗೂ ನಡೆಯುವುದಿಲ್ಲ ಅಂತ ನಾನು ಹೇಳಿದ್ದೆ.

2018ರ ಆಗಸ್ಟ್ ಕೊನೆಗೆ ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿ ಬಂತು. ರದ್ದಾದ ನೋಟುಗಳ ಮೊತ್ತ 15.41 ಲಕ್ಷ ಕೋಟಿ ರೂಪಾಯಿ, ಅದರಲ್ಲಿ 15.31 ಲಕ್ಷ ಕೋಟಿ ವಾಪಸ್. ಶೇ 99.3. ನಾನು ಕೋಣೆಗೆ ಹೋದಾಗ ಅವರು ಆ ಹಾಳೆಯನ್ನು ಬೇರೆ ಯಾರಿಗೂ ಕೊಡದೆ ನನಗಾಗಿ ಹಿಡಿದುಕೊಂಡು ಕೂತಿದ್ದರು. ಬೆಂಚಿಗೆ ಬಂದು "ಆ ಡೈರಿ ಇದೆಯೇನಮ್ಮ?" ಅಂದರು. ಮರುದಿನ ತೆಗೆದುಕೊಂಡು ಹೋದೆ. ತಮ್ಮ ಸಾಲಿನ ಪಕ್ಕ ತಾವೇ ಪೆನ್ನಿನಲ್ಲಿ "99.3" ಅಂತ ಬರೆದರು. "ನಾನು ಹೇಳಿದ್ದು ತಪ್ಪಾಯ್ತು. ಆದರೆ ಬ್ಯಾಂಕಿಗೆ ಬಂದ ದುಡ್ಡಿಗೆ ಈಗ ಹೆಸರು ಇದೆ, ಆದಾಯ ತೆರಿಗೆಯವರು ಕೇಳಬಹುದು. ಅದನ್ನ ನೀನು ಒಪ್ಪಬೇಕು" ಅಂದರು. ಒಪ್ಪಿದೆ. ನನ್ನ ಸಾಲಿಗೂ ಗತಿ ಅದೇ ಆಯಿತು. ಇವತ್ತು ನಮ್ಮ ವರ್ಕ್‌ಶಾಪ್ ಎದುರಿನ ಎಳನೀರಿನ ಗಾಡಿಯಲ್ಲೂ ಸ್ಕ್ಯಾನ್ ಮಾಡುವ ಚೀಟಿ ಇದೆ. ಅದನ್ನು ನಾನೇ ಡೈರಿಯಲ್ಲಿ ಬರೆದುಕೊಂಡೆ.

ಈ ಸೇವೆಯ ದೊಡ್ಡ ಗುಣ ಇದೇ. ಇಲ್ಲಿ ವಾದ ಮಾಡಿದವರು ನಾಳೆಯೂ ಬರುತ್ತಾರೆ, ಪೇಪರೂ ನಾಳೆ ಬರುತ್ತದೆ. ಟಿವಿಯ ಚರ್ಚೆಯಲ್ಲಿ ಹೋದ ವರ್ಷ ಯಾರು ಏನು ಹೇಳಿದ್ದರು ಅಂತ ಯಾರೂ ಎತ್ತುವುದಿಲ್ಲ. ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಬೇಜಾರಾದವರು ಎದ್ದು ಹೋಗುತ್ತಾರೆ. ಬೆಂಚಿನ ಮೇಲೆ ಹೇಳಿದ ಮಾತಿಗೆ ಎರಡು ವರ್ಷ ಬಿಟ್ಟಾದರೂ ಉತ್ತರ ಕೊಡಬೇಕು.

ಮತಯಂತ್ರದ ವಾದ ಐದು ವರ್ಷ ನಡೆಯಿತು. 2019ರಲ್ಲಿ ನನಗೆ ಬಲವಾದ ಅನುಮಾನ ಇತ್ತು. ಜಾಲಹಳ್ಳಿಯ ಬಿಇಎಲ್‌ನಲ್ಲಿ ಕೆಲಸ ಮಾಡಿದ್ದ ಒಬ್ಬ ಹಿರಿಯರು ನಮ್ಮಲ್ಲಿಗೆ ಬರುತ್ತಾರೆ. ದೇಶಕ್ಕೆಲ್ಲ ಮತಯಂತ್ರ ಮಾಡುವುದು ಎರಡೇ ಕಂಪನಿ: ಇಲ್ಲಿಯ ಬಿಇಎಲ್, ಹೈದರಾಬಾದಿನ ಇಸಿಐಎಲ್. ಅವರು ನನ್ನ ಮುಂದೆ ಎರಡು ಬೆಂಕಿಪೊಟ್ಟಣ, ಒಂದು ಕನ್ನಡಕದ ಡಬ್ಬಿ ಇಟ್ಟು ತೋರಿಸಿದರು. ಇದು ನಾವು ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್, ಇದು ವೋಟಿನ ಲೆಕ್ಕ ಇಡುವ ಕಂಟ್ರೋಲ್ ಯೂನಿಟ್, ಇದು ವೋಟು ಯಾರಿಗೆ ಬಿತ್ತು ಅಂತ ಚೀಟಿ ಅಚ್ಚು ಮಾಡಿ ತೋರಿಸುವ ವಿವಿಪ್ಯಾಟ್. ಗಾಜಿನ ಹಿಂದೆ ಚೀಟಿ 7 ಸೆಕೆಂಡ್ ಕಾಣುತ್ತದೆ, ಆಮೇಲೆ ಡಬ್ಬಿಗೆ ಬೀಳುತ್ತದೆ. ಅರ್ಥವಾಯಿತು. ಆದರೂ ಕೇಳಿದೆ: "ಬಿದ್ದ ಚೀಟಿ ಎಣಿಸೋದು ಎಷ್ಟು ಸರ್?" ಒಂದು ವಿಧಾನಸಭಾ ಕ್ಷೇತ್ರಕ್ಕೆ 5 ಮತಗಟ್ಟೆ. ಮೊದಲು ಒಂದೇ ಇತ್ತು, 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 5 ಆಯಿತು. ಸಾಲದು ಅಂದೆ. ಸಾಕು ಅಂದರು.

2024ರ ಏಪ್ರಿಲ್ 26, ನಾವು ಬೆಂಗಳೂರಿನವರು ವೋಟು ಹಾಕಿದ ದಿನವೇ, ಎಲ್ಲ ಚೀಟಿ ಎಣಿಸಬೇಕೆಂಬ ಬೇಡಿಕೆಯನ್ನು ಕೋರ್ಟ್ ತಳ್ಳಿಹಾಕಿತು. ಎರಡನೇ, ಮೂರನೇ ಸ್ಥಾನಕ್ಕೆ ಬಂದವರು ಕೇಳಿದರೆ ಶೇ 5ರಷ್ಟು ಯಂತ್ರ ತಪಾಸಣೆಗೆ ದಾರಿ ಬಿಟ್ಟಿತು. ಹಿರಿಯರು ಗೆದ್ದೆ ಅನ್ನಲಿಲ್ಲ. "ನಿಮ್ಮ ತಮ್ಮ ಬೂತ್ ಏಜೆಂಟ್ ಆಗಿದ್ನಲ್ಲ, 17ಸಿ ಫಾರಂ ತಂದನಾ?" ಅಂತ ಕೇಳಿದರು. ಆ ಮತಗಟ್ಟೆಯಲ್ಲಿ ಎಷ್ಟು ವೋಟು ಬಿತ್ತು ಅಂತ ಬರೆದು ಏಜೆಂಟರಿಗೆ ಕೊಡುವ ಪ್ರತಿ ಅದು. ಎಣಿಕೆಯ ದಿನ ಯಂತ್ರದ ಲೆಕ್ಕ ಅದಕ್ಕೆ ತಾಳೆಯಾಗಬೇಕು. ನನ್ನ ತಮ್ಮ ತಂದೇ ಇರಲಿಲ್ಲ. ಯಂತ್ರದ ಮೇಲೆ ಅನುಮಾನ ಪಡುವವರು ಮೊದಲು ಆ ಕಾಗದ ಇಸ್ಕೊಳ್ಳಬೇಕಮ್ಮ ಅಂದರು. ಸರಿಯಾದ ಮಾತು. ಮುಂದಿನ ಸಲ ನಾನೇ ಏಜೆಂಟ್ ಆಗಿ ಕೂರುತ್ತೇನೆ.

ಇನ್ನು ಕೊರತೆಗಳು. ಹೆಂಗಸರಿಗೆ ಶೌಚಾಲಯ ಇಲ್ಲ. ಇರುವ ಒಂದಕ್ಕೆ ಚಿಲಕ ಇಲ್ಲ, ನಲ್ಲಿ ಇದ್ದರೂ ನೀರು ಇಲ್ಲ. ಮೂರು ಸಲ ಅರ್ಜಿ ಬರೆದುಕೊಟ್ಟೆ, ಸಹಿ ಹಾಕಿ ತೆಗೆದುಕೊಂಡರು, ಅಷ್ಟೇ. ಉದ್ಯೋಗದ ಜಾಹೀರಾತು ಬಂದ ದಿನ ಯಾರೋ ಬ್ಲೇಡಿನಲ್ಲಿ ಕತ್ತರಿಸಿಕೊಂಡು ಹೋಗುತ್ತಾರೆ, ಹಿಂದಿನ ಪುಟದ ಸುದ್ದಿಗೆ ತಲೆಯೇ ಇರುವುದಿಲ್ಲ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಸೋಮವಾರ ರಜೆ. ಭಾನುವಾರದ ಪೇಪರಿನ ಬಗ್ಗೆ ಮಾತು ಮುಂದುವರಿಸಲು ಮಂಗಳವಾರದವರೆಗೆ ಕಾಯಬೇಕು. ಹಳೇ ಪೇಪರ್ ಇಲ್ಲಿ ಉಳಿಯುವುದಿಲ್ಲ, ರದ್ದಿಗೆ ಹೋಗುತ್ತದೆ. ಹಿಂದಿನದ್ದು ಏನಾದರೂ ಹುಡುಕಬೇಕಾದರೆ ನಾನು ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಹಾಲ್‌ಗೆ ಹೋಗುತ್ತೇನೆ. ಆ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯ. ದೂರ, ಆದರೆ ಕೂರಲು ನೆಮ್ಮದಿ.

ಎಲ್ಲಕ್ಕಿಂತ ದೊಡ್ಡ ಕೊರತೆ ಒಂದು ಸಂಜೆ ಕಂಡಿತು. 2024ರ ಚುನಾವಣೆಗೆ ಒಂದು ವಾರ ಇತ್ತು. ಉರ್ದು ಪೇಪರ್ ಓದುತ್ತಿದ್ದ ಒಬ್ಬ ಹುಡುಗ ಬೆಂಚಿಗೆ ಬಂದು ನಿರುದ್ಯೋಗದ ಬಗ್ಗೆ ಏನೋ ಹೇಳಲು ಹೊರಟ. "ನಿಮ್ಮವರ ವೋಟು ಯಾರಿಗೆ ಅಂತ ಎಲ್ಲರಿಗೂ ಗೊತ್ತು ಬಿಡಪ್ಪ" ಅಂತ ಒಬ್ಬರು ಅಂದುಬಿಟ್ಟರು. ಅವನು ಮಾತು ನಿಲ್ಲಿಸಿದ. ಕೈಯಲ್ಲಿದ್ದ ಪೇಪರನ್ನು ಮಡಿಕೆ ಸರಿಮಾಡಿ ಒಳಗೆ ಅದರ ಜಾಗದಲ್ಲಿ ಇಟ್ಟು ಹೋದ. ಮತ್ತೆ ಬರಲೇ ಇಲ್ಲ. ನಾನು ಅಲ್ಲೇ ಕೂತಿದ್ದೆ, ಏನೂ ಹೇಳಲಿಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ. ಮರುದಿನ ಬ್ಯಾಂಕಿನಿಂದ ನಿವೃತ್ತರಾದ ಆ ಯಜಮಾನರೇ ಆ ಮನುಷ್ಯನಿಗೆ ಎಲ್ಲರ ಎದುರು ಬುದ್ಧಿ ಹೇಳಿದರು. ಅವತ್ತಿನಿಂದ ಯಾರ ವೋಟು ಯಾರಿಗೆ ಅಂತ ಬೆಂಚಿನ ಮೇಲೆ ಕೇಳುವ ಹಾಗಿಲ್ಲ. ಆದರೆ ಆ ಹುಡುಗನಿಗೆ ಈ ವಿಷಯ ಗೊತ್ತಿಲ್ಲ. ನೀವು ಅವನಾಗಿದ್ದು ಇದನ್ನು ಓದುತ್ತಿದ್ದರೆ ದಯವಿಟ್ಟು ಬನ್ನಿ.

ಬೇರೆ ಭಾಷೆಯವರು ಬರಬಹುದಾ ಅಂತ ಕೆಲವರು ಕೇಳುತ್ತಾರೆ. ಬರಬಹುದು, ಬರುತ್ತಾರೆ. 2025ರ ಮಾರ್ಚ್‌ನಲ್ಲಿ ಕ್ಷೇತ್ರ ಮರುವಿಂಗಡಣೆಯ, ಅಂದರೆ ಜನಸಂಖ್ಯೆ ನೋಡಿ ಲೋಕಸಭೆಯ ಸ್ಥಾನಗಳನ್ನು ಮತ್ತೆ ಹಂಚುವ ವಿಷಯದ ಗಲಾಟೆ ಜೋರಾಗಿತ್ತು. ದಕ್ಷಿಣದ ಕೆಲವು ರಾಜ್ಯಗಳ ನಾಯಕರು ಚೆನ್ನೈನಲ್ಲಿ ಸಭೆ ಸೇರಿದ್ದರು. ಪ್ಲೈವುಡ್ ಅಂಗಡಿಯಲ್ಲಿ ಕೆಲಸ ಮಾಡುವ ಬಿಹಾರದ ಹುಡುಗನೊಬ್ಬ ಹಿಂದಿ ಪೇಪರ್ ಓದಲು ಬರುತ್ತಾನೆ. ಮೊದಲು ದೀದಿ ಅನ್ನುತ್ತಿದ್ದ, ಈಗ ಅಕ್ಕ. ಅವತ್ತು ನಾನು ಬೆಂಚಿನ ಮೇಲೆ ಸಿಟ್ಟಿನಲ್ಲೇ ಹೇಳುತ್ತಿದ್ದೆ: ಕುಟುಂಬ ಯೋಜನೆ ಮಾಡಿ ಅಂದರು, ನಾವು ಮಾಡಿದೆವು. ಈಗ ಜನ ಕಮ್ಮಿ ಅಂತ ದೆಹಲಿಯಲ್ಲಿ ನಮ್ಮ ದನಿ ಕಮ್ಮಿ ಮಾಡಿದರೆ ಅದು ನ್ಯಾಯವಾ?

ಅವನು ಸುಮ್ನೆ ಕೂತು ಕೇಳಿಸಿಕೊಂಡ. ಆಮೇಲೆ ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ, "ಅಕ್ಕ, ನಿಮ್ಮ ಒಬ್ಬ ಎಂಪಿಗೆ ಎಷ್ಟು ಜನ? ನಮ್ಮ ಒಬ್ಬ ಎಂಪಿಗೆ ಎಷ್ಟು ಜನ?" ಅಂದ. ಡೈರಿ ತೆಗೆದೆ. 2011ರ ಜನಗಣತಿ ಹಿಡಿದು ಇಬ್ಬರೂ ಭಾಗಿಸಿದೆವು. ಕರ್ನಾಟಕ 6.11 ಕೋಟಿ, 28 ಸ್ಥಾನ: ಒಬ್ಬರಿಗೆ ಸುಮಾರು 21.8 ಲಕ್ಷ. ಬಿಹಾರ 10.41 ಕೋಟಿ, 40 ಸ್ಥಾನ: 26 ಲಕ್ಷ. ಕೇರಳ 3.34 ಕೋಟಿ, 20 ಸ್ಥಾನ: 16.7 ಲಕ್ಷ. "ನಮ್ಮ ಅಮ್ಮನ ವೋಟು ಯಾಕೆ ಸಣ್ಣದು?" ಅಂತ ಕೇಳಿದ. ಅಷ್ಟು ವರ್ಷ ಮಾತಾಡಿದರೂ ಈ ಕಡೆಯಿಂದ ನಾನು ಲೆಕ್ಕ ಹಾಕಿಯೇ ಇರಲಿಲ್ಲ.

ಒಳಗೆ ಹೋಗಿ ಗಾಜಿನ ಬೀರುವಿನಿಂದ ಕನ್ನಡದ ಸಂವಿಧಾನ ತಂದೆವು. 81ನೇ ವಿಧಿ ನಾನು ಓದಿ ಹೇಳಿದೆ. ರಾಜ್ಯಗಳಿಗೆ ಲೋಕಸಭೆಯ ಸ್ಥಾನ ಹಂಚಿರುವುದು 1971ರ ಜನಸಂಖ್ಯೆಯ ಮೇಲೆ. 1976ರ 42ನೇ ತಿದ್ದುಪಡಿ ಮರುಹಂಚಿಕೆಯನ್ನು 2001ರ ಜನಗಣತಿಯವರೆಗೆ ನಿಲ್ಲಿಸಿತು, ಆಮೇಲೆ 84ನೇ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದಕ್ಕೆ ಹಾಕಿತು. ಜನಸಂಖ್ಯೆ ತಡೆದ ರಾಜ್ಯಕ್ಕೆ ನಷ್ಟವಾಗಬಾರದು ಅಂತಲೇ ಹಾಗೆ ಮಾಡಿದ್ದು. ಅದನ್ನು ಅವನಿಗೆ ಬಿಡಿಸಿ ಹೇಳಿದಾಗ ಸ್ವಲ್ಪ ಹೊತ್ತು ಯೋಚನೆ ಮಾಡಿದ. "ಇದು ನಮ್ಮ ಊರಲ್ಲಿ ಯಾರೂ ಹೇಳಿಲ್ಲ" ಅಂದ.

ನಾನು ನನ್ನ ಮಾತು ಬಿಟ್ಟಿಲ್ಲ, ಅವನು ಅವನದ್ದು ಬಿಟ್ಟಿಲ್ಲ. ಈಗಿರುವ 543 ಸ್ಥಾನಗಳ ಒಟ್ಟು ಸಂಖ್ಯೆಯನ್ನೇ ಜಾಸ್ತಿ ಮಾಡಿ ಯಾರ ಪಾಲೂ ಇಳಿಯದ ಹಾಗೆ ಮಾಡಬಹುದಾ ಅಂತ ಈಗ ವಾರಕ್ಕೊಮ್ಮೆ ಲೆಕ್ಕ ಹಾಕುತ್ತೇವೆ. ಬಿಇಎಲ್ ಹಿರಿಯರೂ ಸೇರಿಕೊಂಡಿದ್ದಾರೆ, ಕ್ಯಾಲ್ಕ್ಯುಲೇಟರ್ ಅವರದ್ದು. ಡೈರಿಯಲ್ಲಿ 1971ಕ್ಕೆ ಒಂದು ಸಾಲು ಇದೆ, 2011ಕ್ಕೆ ಒಂದು. ಮೂರನೇ ಸಾಲು ಖಾಲಿ ಬಿಟ್ಟಿದ್ದೇವೆ. ಹೊಸ ಜನಗಣತಿಯ ಅಂಕಿ ಬಂದ ದಿನ ಅದನ್ನು ಅವನೇ ತುಂಬಬೇಕು ಅಂತ ಮಾತಾಗಿದೆ, ಕನ್ನಡ ಅಂಕಿಯಲ್ಲಿ. 1ರಿಂದ 5ರವರೆಗೆ ಕಲಿತಿದ್ದಾನೆ.