ಹಳೇ ಫೋಲ್ಡಿಂಗ್ ಚೇರ್‌ಗೆ ಬಣ್ಣ: ಸ್ಪ್ರೇನಾ ಬ್ರಷ್ಷಾ? ವೈರಾ, ನವಾರಾನಾ, ಜಮಖಾನಾನಾ?

ಮೊದಲೇ ಹೇಳ್ಬಿಡ್ತೀನಿ, ಫ್ರೇಮಿಗೆ ಬ್ರಷ್ಷಲ್ಲಿ ಹಚ್ಚೋ ಎನಾಮೆಲ್, ಸೀಟಿಗೆ ನೈಲಾನ್ ನವಾರ (ಮಂಚಕ್ಕೆ ಹೆಣೆಯೋ ಅಗಲದ ಪಟ್ಟಿ), ನನ್ನ ಓಟು ಇದಕ್ಕೇ. ಬಟ್ಟೆ ಹರಿದು ಅಟ್ಟ ಸೇರಿರುತ್ತಲ್ಲ, ಕಬ್ಬಿಣದ ಪೈಪಿನ ಮಡಚೋ ಕುರ್ಚಿ, ಅಂಥವು ಮನೇಲಿ ಒಂದೇ ಅಳತೆಯವು ಮೂರು ಇದ್ವು, ಹಾಗಾಗಿ ಒಂದೊಂದಕ್ಕೂ ಒಂದೊಂದು ಥರ ಮಾಡಿ ಬಿಸಿಲು ಮಳೆ ಎರಡರಲ್ಲೂ ಬಳಸಿ ನೋಡಿದೀನಿ.

ಯಾವ ಪೇಂಟಾದ್ರೂ ಸರಿ, ತುಕ್ಕು ತೆಗೀದೆ ಹಚ್ಚಿದ್ರೆ ಒಂದೇ ಮಳೆಗಾಲಕ್ಕೆ ಗುಳ್ಳೆ ಎದ್ದು ಉದುರುತ್ತೆ. ವೈರ್ ಬ್ರಷ್ಷು, ಆಮೇಲೆ 80 ನಂಬರ್ ಎಮರಿ ಪೇಪರು, ಕೊನೆಗೆ 220, ತಿನ್ನರ್ ಬಟ್ಟೇಲಿ ಒರೆಸಿ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ ಒಂದು ರಾತ್ರಿ ಬಿಡಿ. ಇನ್ನೊಂದು, ಪೈಪು ಜಿಐ, ಅಂದ್ರೆ ಸತುವಿನ ಲೇಪ ಇರೋ ಕಬ್ಬಿಣ ಆಗಿದ್ರೆ ಅದಕ್ಕೆ ಅಂತಲೇ ಬೇರೆ ಪ್ರೈಮರ್ ಸಿಗುತ್ತೆ, ಅದನ್ನೇ ಕೇಳಿ ತಗೊಳ್ಳಿ, ಸತುವಿನ ಮೇಲೆ ನೇರ ಎನಾಮೆಲ್ ಹಚ್ಚಿದ್ರೆ ಹಿಡ್ಕೊಳಲ್ಲ, ಸಿಪ್ಪೆ ಥರ ಎದ್ದು ಬರುತ್ತೆ.

ಸ್ಪ್ರೇ ನೋಡೋಕೆ ಚೆಂದ, ಬ್ರಷ್ಷಿನ ಗೀರಿಲ್ಲ, ಬೇಗ ಒಣಗುತ್ತೆ, ಮಡಚೋ ಕೀಲಿನ ಸಂದೀಲೂ ತೆಳ್ಳಗೆ ಕೂರುತ್ತೆ. ಆದ್ರೆ ಪೈಪು ಸಣ್ಣ ನೋಡಿ, ಹೊಡೆದಿದ್ರಲ್ಲಿ ಮುಕ್ಕಾಲು ಪಾಲು ಗಾಳಿಗೇ ಹೋಗುತ್ತೆ, 400 ಎಂಎಲ್ ಡಬ್ಬ ಒಂದು ಕುರ್ಚಿಗೆ ಸಾಲಲಿಲ್ಲ. ಅದೇ ಎನಾಮೆಲ್ 200 ಎಂಎಲ್ ಡಬ್ಬದಲ್ಲಿ ಎರಡು ಕೋಟು ಆಗಿ ಇನ್ನೂ ಉಳೀತು. ಮೋಡ ಕಟ್ಟಿ ಥಂಡಿ ಇರೋ ದಿನ ಸ್ಪ್ರೇ ಹೊಡೆದ್ರೆ ಹೊಳಪು ಹೋಗಿ ಬೂದು ಬೂದಾಗುತ್ತೆ, ಜುಲೈ ತಿಂಗಳಲ್ಲಂತೂ ಬೇಡವೇ ಬೇಡ. ಎನಾಮೆಲ್ ನಿಧಾನ ನಿಜ, ಆದ್ರೆ ಕುರ್ಚಿ ಎಳೆದಾಡಿದ್ರೂ ಗೋಡೆಗೆ ತಗುಲಿದ್ರೂ ತಡ್ಕೊಳ್ಳುತ್ತೆ. ಕೀಲಿನ ಹತ್ರ ಮಾತ್ರ ದಪ್ಪ ಹಚ್ಚಬೇಡಿ, ಒಣಗೋವಾಗ ಆಗಾಗ ಮಡಚಿ ಬಿಚ್ಚಿ, ಇಲ್ಲಾಂದ್ರೆ ಅಂಟ್ಕೊಂಡು ಬಿಡುತ್ತೆ. ಅರಿಶಿನದ ಬಣ್ಣ ಬೇಕು ಅನ್ನೋರು ಕೆಂಪು ಪ್ರೈಮರ್ ಮೇಲೆ ಒಂದು ಕೋಟು ಬಿಳಿ ಹಚ್ಚಿಕೊಳ್ಳಿ, ಹಳದಿ ಅಡಿಯ ಬಣ್ಣಾನ ಮುಚ್ಚಲ್ಲ.

ಈಗ ಸೀಟು. ಪ್ಲಾಸ್ಟಿಕ್ ವೈರು, ಅದೇ ಬುಟ್ಟಿ ಹೆಣೆಯೋದು, ಅಗ್ಗ, ಬಣ್ಣ ಎಷ್ಟು ಬೇಕಾದ್ರೂ ಸಿಗುತ್ತೆ, ಮಳೇಲಿ ನೆಂದ್ರೂ ಚಿಂತೆ ಇಲ್ಲ. ಆದ್ರೆ ಅರ್ಧ ಗಂಟೆ ಕೂತು ಎದ್ರೆ ತೊಡೆ ತುಂಬಾ ಬರೆ, ಬೇಸಿಗೇಲಿ ಬೆವರು ಬೇರೆ, ಬಿಸಿಲಿಗೆ ಮೆತ್ತಗಾಗಿ ಜೋಲೂ ಬೀಳುತ್ತೆ.

ಜಮಖಾನದ ಮೇಲೆ ನಂಗೆ ತುಂಬಾ ಆಸೆ ಇತ್ತು. ನವಲಗುಂದದ್ದು ಕತ್ತರಿಸೋಕೆ ಮನಸ್ಸು ಬರಲ್ಲ, ಅದು ಕೈಯಲ್ಲಿ ನೇಯೋದು, ಆ ಊರಿನದ್ದೇ ಅಂತ ಹೇಳೋ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಬೇರೆ ಇದೆ, ಸಾದಾ ಹಳೇ ಜಮಖಾನ ಒಂದಿತ್ತು, ಅದನ್ನೇ ತಗೊಂಡೆ. ಕತ್ತರಿ ಹಾಕೋಕೆ ಮುಂಚೆ ಗೆರೆಯ ಎರಡೂ ಕಡೆ ಮಿಷಿನ್ನಲ್ಲಿ ಹೊಲಿಗೆ ಹಾಕ್ಬೇಕು, ಇಲ್ಲಾಂದ್ರೆ ಎಳೆ ಎಳೆಯಾಗಿ ಬಿಚ್ಚಿ ಬರುತ್ತೆ. ಹಾಸಿನ ನೂಲು, ಅಂದ್ರೆ ನೇಯ್ಗೇಲಿ ಉದ್ದಕ್ಕೆ ಬರೋ ಎಳೆ, ಮುಂದಿನ ಪೈಪಿಂದ ಹಿಂದಿನ ಪೈಪಿಗೆ ಹೋಗೋ ಹಾಗೆ ಇಡಿ, ಭಾರ ಹೊರೋದು ಅದೇ. ಕೂತ್ರೆ ಎಂಥಾ ಹಾಯಿ ಅಂದ್ರೆ ಏಳೋಕೇ ಮನಸ್ಸಾಗಲ್ಲ. ಆದ್ರೆ ನಮ್ಮಜ್ಜಿಗೆ ಏಳೋಕೇ ಆಗಲಿಲ್ಲ! ಮಧ್ಯ ತಗ್ಗಾಗಿ ಮಂಡಿ ಮೇಲೆ ಬಂದ್ಬಿಡುತ್ತೆ, ಮಂಡಿನೋವು ಇರೋರಿಗೆ ಇದು ಕಷ್ಟ.

ನವಾರದ್ದು ಅಜ್ಜಿಗೆ ತಕ್ಷಣ ಒಗ್ಗಿತು. ರಾಣಿ ಪಿಂಕ್ ಉದ್ದಕ್ಕೆ, ಗಿಳಿ ಹಸಿರು ಅಡ್ಡಕ್ಕೆ, ಒಂದು ಮೇಲೆ ಒಂದು ಕೆಳಗೆ ಚಾಪೆ ಥರ ಹೆಣೆದು ಪೈಪಿಗೆ ಸುತ್ತಿ ದಬ್ಬಳದಲ್ಲಿ ನೈಲಾನ್ ದಾರ ಹಾಕಿ ಹೊಲಿದೆ. ಕತ್ತರಿಸಿದ ತುದೀನ ಮೇಣದಬತ್ತಿಗೆ ಹಿಡಿದ್ರೆ ಕರಗಿ ಅಂಟ್ಕೊಳ್ಳುತ್ತೆ, ಆಮೇಲೆ ಎಳೆ ಬಿಚ್ಚಲ್ಲ. ಎಳೆಯೋಕೆ ಇಬ್ಬರು ಬೇಕು, ಒಬ್ಬರು ಬಿಗಿಯಾಗಿ ಹಿಡ್ಕೊಂಡಿದ್ರೆ ಇನ್ನೊಬ್ಬರು ಹೊಲೀಬೇಕು. ಸೀಟು ಸಮತಟ್ಟಾಗಿರುತ್ತೆ, ಗಾಳಿ ಆಡುತ್ತೆ, ಕೊಳೆಯಾದ್ರೆ ಬಟ್ಟೆ ಸೋಪಲ್ಲಿ ಉಜ್ಜಿ ಬಿಸಿಲಿಗಿಟ್ರೆ ಆಯ್ತು. ಒಂದೇ ಕೊರತೆ ಅಂದ್ರೆ ದಿನಪೂರ್ತಿ ಬಿಸಿಲಲ್ಲಿ ಬಿಟ್ರೆ ಪಿಂಕು ಬೇಗ ಮಾಸುತ್ತೆ, ಹಸಿರು ಅಷ್ಟು ಮಾಸಲಿಲ್ಲ. ಟೆರೇಸಿನ ಮೇಲೇ ಇಡ್ತೀವಿ ಅನ್ನೋರು ಗಾಢ ಬಣ್ಣದ್ದೇ ತಗೊಳ್ಳಿ, ಪಿಂಕು ಜಗಲಿಗಿರಲಿ.