ಬ್ರೆಡ್ಡಿನ ರೇಟು ಹೇಳಿ ಹತ್ತಿಯ ರೇಟು ಬಿಟ್ಟ ಕೋರ್ಸ್: ಎರಡು ವರ್ಷ ಬಳಸಿದ ಮೇಲೆ

ಆಧುನಿಕ ಜಗತ್ತಿನ ಇತಿಹಾಸದ ಈ ಆನ್‌ಲೈನ್ ಕೋರ್ಸಿಗೆ ಮೊದಲ ವರ್ಷ 2,400 ರೂಪಾಯಿ ಕಟ್ಟಿದೆ, ರಿನ್ಯೂ ಮಾಡುವಾಗ 1,500. 1789ರ ಫ್ರಾನ್ಸಿನಿಂದ ಹಿಡಿದು 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯುವ ತನಕ ಎಲ್ಲ ಪಾಠವೂ ಕನ್ನಡದಲ್ಲೇ ಇದೆ. ವಿಡಿಯೊ, ಎರಡು ನೋಟ್ಸ್ ಪುಸ್ತಕ, ವಾರಕ್ಕೊಂದು ಟೆಸ್ಟ್. ನಾನು ರಾಯಚೂರಿನ ಗಂಜಿನಲ್ಲಿ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಪಿಯು ಉಪನ್ಯಾಸಕರ ಪರೀಕ್ಷೆಗೆ ಓದುವುದು ಉಳಿದ ಹೊತ್ತಿನಲ್ಲಿ.

ಫ್ರೆಂಚ್ ಕ್ರಾಂತಿಯ ಪಾಠಗಳಿಗೇ ಕೊಟ್ಟ ದುಡ್ಡು ವಸೂಲಿ. ಕಾಲೇಜಿನಲ್ಲಿ ನಾವು ಬಾಸ್ಟೀಲ್ ಸೆರೆಮನೆ, ಜುಲೈ 14 ಅಂತ ಉರು ಹೊಡೆದಿದ್ದೆವು, ಅಷ್ಟೇ. ಇಲ್ಲಿ ಮೇಷ್ಟ್ರು ಶುರು ಮಾಡಿದ್ದೇ 1788ರ ಬೆಳೆಯಿಂದ. ಆ ವರ್ಷ ಜುಲೈನಲ್ಲಿ ಆಲಿಕಲ್ಲು ಮಳೆ ಬಿದ್ದು ಫಸಲು ಹಾಳಾಯಿತು. ಪ್ಯಾರಿಸ್ಸಿನಲ್ಲಿ 9 ಸೂ (ಆಗಿನ ಫ್ರಾನ್ಸಿನ ಚಿಲ್ಲರೆ ನಾಣ್ಯ) ಇದ್ದ ನಾಲ್ಕು ಪೌಂಡಿನ ಬ್ರೆಡ್ಡು 1789ರ ಫೆಬ್ರವರಿಗೆ 14.5 ಸೂ ಆಯಿತು. ಕೂಲಿಯವನ ದಿನದ ದುಡಿಮೆ 20ರಿಂದ 30 ಸೂ. ದಿನವಿಡೀ ಹಮಾಲರ ಕೂಲಿ ಲೆಕ್ಕ ಹಾಕುವ ನನಗೆ ಆ ಎರಡು ಅಂಕಿ ಸಾಕಾದವು. ಬಾಸ್ಟೀಲ್ ಒಡೆದಾಗ ಒಳಗಿದ್ದ ಕೈದಿಗಳು ಏಳೇ ಜನ ಅಂತ ಕೇಳಿದಾಗ ನಗು ಬಂತು. ಅಕ್ಟೋಬರ್ 5ರಂದು ಹೆಂಗಸರು ಬ್ರೆಡ್ಡು ಬೇಕೆಂದು ರಾಜನ ಅರಮನೆಯಿದ್ದ ವರ್ಸೇಲ್ಸ್‌ವರೆಗೂ ನಡೆದದ್ದನ್ನು ಕೇಳಿದಾಗ ಮಾತ್ರ ನಗಲಿಲ್ಲ.

ಅಂಗಡಿಯಲ್ಲಿ ಊಟದ ಹೊತ್ತಿಗೆ ಸ್ಪೀಕರ್ ಹಾಕಿ ಕೇಳುತ್ತೇನೆ. ಒಂದು ದಿನ ಸಾಹುಕಾರರು ಕೇಳಿದರು, "ತಮ್ಮಾ, ಈ ನಿನ್ನ ಪಾಠದಾಗ ಎಲ್ಲ್ಯಾರ ಹತ್ತಿ ಬರತೈತೇನು?" ಬರಬೇಕಿತ್ತು. ಅಮೆರಿಕದ ಅಂತರ್ಯುದ್ಧದ ಪಾಠ ಹುಡುಕಿದೆ. ಹನ್ನೊಂದು ನಿಮಿಷ. ಲಿಂಕನ್, ಗುಲಾಮಗಿರಿ, ಗೆಟಿಸ್‌ಬರ್ಗ್, ಮುಗೀತು. 1861ರಲ್ಲಿ ಲಿಂಕನ್ ದಕ್ಷಿಣದ ಬಂದರುಗಳಿಗೆ ತಡೆ ಹಾಕಿದ್ದು, ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳು ಹತ್ತಿಯಿಲ್ಲದೆ ನಿಂತಿದ್ದು, ಆಗ ಹಿಂದೂಸ್ತಾನದ ಹತ್ತಿಗೆ ಎಲ್ಲಿಲ್ಲದ ರೇಟು ಬಂದು ನಮ್ಮ ಬಳ್ಳಾರಿ, ಧಾರವಾಡದ ಕಡೆಗೂ ಆ ಬಿಸಿ ತಟ್ಟಿದ್ದು, 1865ರಲ್ಲಿ ಯುದ್ಧ ಮುಗಿದ ಮೇಲೆ ರೇಟು ಬಿದ್ದಿದ್ದು, ಒಂದೂ ಇಲ್ಲ. ಇದನ್ನೆಲ್ಲ ಲೈಬ್ರರಿಯಲ್ಲಿ ಕೂತು ಓದಿ ಸಾಹುಕಾರರಿಗೆ ನಾನೇ ಹೇಳಬೇಕಾಯಿತು. ಅವರು ಕೇಳಿದ್ದು ಒಂದೇ: "ಬಿದ್ದಾಗ ಅಡತಿಯವ್ರು ಏನ್ ಮಾಡಿದ್ರು?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ರಷ್ಯಾದ ಭಾಗ ಚೆನ್ನಾಗಿದೆ, ಅಲ್ಲಿಯೂ ಬ್ರೆಡ್ಡಿನ ಸಾಲಿನಿಂದಲೇ ಶುರು. ಆದರೆ ಟೆಸ್ಟ್ ಮಾಡಿದವರು ಪಾಠ ಕೇಳಿದಂತಿಲ್ಲ. ಲೆನಿನ್ ಪಕ್ಷದ ಬೋಲ್ಶೆವಿಕರು ಅಧಿಕಾರ ಹಿಡಿದದ್ದು ಯಾವಾಗ ಅನ್ನುವ ಪ್ರಶ್ನೆಗೆ ಅಕ್ಟೋಬರ್ 25, ನವೆಂಬರ್ 7 ಎರಡೂ ಆಯ್ಕೆಯಲ್ಲಿವೆ. ಎರಡೂ ಸರಿ ಅಲ್ವಾ? ರಷ್ಯಾದ ಹಳೇ ಕ್ಯಾಲೆಂಡರ್ 13 ದಿನ ಹಿಂದಿತ್ತು, 1918ರಲ್ಲಿ ಬದಲಾಯಿತು. ನಾನು ನವೆಂಬರ್ 7 ಒತ್ತಿದೆ, ಕೆಂಪು ಗುರುತು ಬಂತು. ಯಾವ ಕ್ಯಾಲೆಂಡರ್ ಅಂತ ಪ್ರಶ್ನೆಯಲ್ಲೇ ಹಾಕಿ ಅಂತ ಮೇಲ್ ಹಾಕಿದೆ. ಮೂರು ವಾರಕ್ಕೆ "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಅಂತ ಬಂತು. ಪ್ರಶ್ನೆ ಇವತ್ತಿಗೂ ಹಾಗೇ ಇದೆ.

1945ರ ನಂತರದ್ದು ಓಡಿಸಿಬಿಟ್ಟಿದ್ದಾರೆ. ಕ್ಯೂಬಾದ 1962ರ ಕ್ಷಿಪಣಿ ಬಿಕ್ಕಟ್ಟು ಪರವಾಗಿಲ್ಲ, ಅಮೆರಿಕ ಟರ್ಕಿಯಿಂದ ತನ್ನ ಕ್ಷಿಪಣಿಗಳನ್ನು ಸದ್ದಿಲ್ಲದೆ ತೆಗೆದದ್ದನ್ನೂ ಹೇಳುತ್ತಾರೆ. ಇರಾನ್ ಮಾತ್ರ ನೇರವಾಗಿ 1979ರ ಕ್ರಾಂತಿಯಿಂದ ಶುರುವಾಗುತ್ತದೆ. 1951ರಲ್ಲಿ ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿದ್ದು, ಅದರ ಹಿಂದೆಯೇ 1953ರಲ್ಲಿ ಅಮೆರಿಕ, ಬ್ರಿಟನ್ ಸೇರಿ ಪ್ರಧಾನಿ ಮೊಸಾದೆಗ್ ಸರ್ಕಾರ ಬೀಳಿಸಿದ್ದು ಗೊತ್ತಿಲ್ಲದವನಿಗೆ, ಜನ ತಮ್ಮ ದೊರೆ ಶಾ ಮೇಲೆ, ಅಮೆರಿಕದ ಮೇಲೆ ಅಷ್ಟು ಯಾಕೆ ಸಿಟ್ಟಾಗಿದ್ದರು ಅಂತ ಹೇಗೆ ತಿಳಿಯಬೇಕು? ಫ್ರಾನ್ಸಿಗೆ ಹಿಂದಿನ ವರ್ಷದ ಫಸಲಿನಿಂದ ಶುರು ಮಾಡಿದ ಮೇಷ್ಟ್ರು ಇವರೇನಾ ಅನ್ನಿಸಿತು.

ಆ್ಯಪ್ ಓಕೆ. ಕರೆಂಟ್ ಹೋದರೂ ಡೌನ್‌ಲೋಡ್ ಮಾಡಿಟ್ಟ ವಿಡಿಯೊ ಓಡುತ್ತದೆ, ನಮ್ಮ ಬೇಸಿಗೆಗೆ ಅದು ದೊಡ್ಡ ಉಪಕಾರ. ನೋಟ್ಸ್ ಪುಸ್ತಕದ ಅಂಟು ಆರು ತಿಂಗಳಿಗೇ ಬಿಟ್ಟಿತು. ಬಾಲ್ಕನ್ ನಕ್ಷೆ ಎಷ್ಟು ಕಪ್ಪಗೆ ಅಚ್ಚಾಗಿದೆ ಎಂದರೆ ಮೊದಲ ಮಹಾಯುದ್ಧಕ್ಕೆ ಕಿಡಿ ಹತ್ತಿದ ಸರಾಯೆವೊ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲಾಗಲ್ಲ. ಶಾಲೆಯ ಅಟ್ಲಾಸ್ ಒಂದು ಪಕ್ಕದಲ್ಲಿ ಇಟ್ಟುಕೊಳ್ಳಿ.

5ಕ್ಕೆ 3 ಕೊಡುತ್ತೇನೆ. 1919ರ ವರ್ಸೇಲ್ಸ್ ಒಪ್ಪಂದದವರೆಗೆ ಓದುವವರು ಧೈರ್ಯವಾಗಿ ತಗೊಳ್ಳಿ, ಒಂದು ವರ್ಷ ಸಾಕು. ನನ್ನ ಪ್ಯಾಕ್ ಮುಗಿಯಲು ಇನ್ನು ಹನ್ನೆರಡು ದಿನ ಇದೆ. ಈ ಸಲ ಆ ದುಡ್ಡಿಗೆ ಶೀತಲ ಸಮರದ ಮೇಲೆ ಒಂದು ಒಳ್ಳೆಯ ಪುಸ್ತಕ ಕೊಳ್ಳುತ್ತೇನೆ.